ಊಟಕ್ಕೆ ಮಾತ್ರ ಬಂದವರು

ಸಿಟ್ಟು ಮಾಡಿಕೊಳ್ಳಬೇಡಿ, ಬಿ.ಪಿ. ಏರುತ್ತದೆ ಎಂದು ನನ್ನ ಹೆಂಡತಿ ಜಯಂತಿ ಹೇಳುತ್ತಲೇ ಇರುತ್ತಾಳೆ. ಏರಲಿ ಬಿಡಿ. ಜಯರಾಮುವಿನ ಲೈಸೆನ್ಸಿನ ಸಂಗತಿ ನೆನೆದಾಗಲೂ ಏರದಿದ್ದರೆ ಅದು ಬಿ.ಪಿ.ಯೇ ಅಲ್ಲ. ನನಗೆ ಸರ್ಕಾರದ ಮೇಲೆ ಸಿಟ್ಟಿದೆ. ನಮ್ಮ ಕನ್ನಡ ಸಂಘದ ಅಧ್ಯಕ್ಷ ಸೂರ್ಯನಾರಾಯಣರ ಮೇಲೆ ಅದರ ಎರಡರಷ್ಟು ಸಿಟ್ಟಿದೆ. ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ಇರುವುದು ಜಯರಾಮುವಿನ ಮೇಲೆ. ಒಬ್ಬ ಮನುಷ್ಯ ಒಳ್ಳೆಯವನಾಗಿರಲಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಒಂದು ಹೊತ್ತುಗೊತ್ತು ಬೇಡವೇ?

ಅಮೆರಿಕದ ಮನ್ರೋ ಎಂಬ ಊರಿನಲ್ಲಿ ನಮ್ಮಿಬ್ಬರದು ಎದುರುಬದುರು ಮನೆ. ನಾನು ಬೆಳಗ್ಗೆ ಬಸ್ಸು ಹಿಡಿದು ಮ್ಯಾನ್‌ಹಟನ್ನಿಗೆ ಹೋಗಿ ಬ್ಯಾಂಕೊಂದರ ಕಂಪ್ಯೂಟರಿನ ಮುಂದೆ ಕೂತು ಬರುವವನು. ಜಯರಾಮು ನಾನು ಬಸ್ಸಿಳಿಯುವ ಹೊತ್ತಿಗೆ ಹಳೆಯ ಡಾಟ್ಸನ್ ಕಾರು ಹತ್ತಿ ಅಟ್ಲಾಂಟಿಕ್ ಸಿಟಿಯ ಕಡೆಗೆ ಹೊರಡುವವನು. ಅಲ್ಲಿನ ಒಂದು ಕೆಸಿನೊದಲ್ಲಿ ಅವನು ಡೀಲರ್. ಹಸಿರು ಬಟ್ಟೆ ಹೊದಿಸಿದ ಮೇಜಿನ ಹಿಂದೆ ನಿಂತು ಬಂದವರಿಗೆಲ್ಲ ಇಸ್ಪೀಟೆಲೆ ಹಂಚುವ ಕೆಲಸ. ಮದ್ದೂರಿನ ಕಡೆಯವನು, ಬಿ.ಕಾಂ. ಮಾಡಿದವನು, ನರ್ಸ್ ಆಗಿದ್ದ ಹೆಂಡತಿ ಚನ್ನಮ್ಮನ ಗ್ರೀನ್ ಕಾರ್ಡಿನ ಬೆನ್ನ ಹಿಂದೆ ಈ ದೇಶಕ್ಕೆ ಬಂದವನು. ಚನ್ನಮ್ಮನಿಗೆ ಆಸ್ಪತ್ರೆಯಲ್ಲಿ ಹಗಲು ಪಾಳಿ, ಇವನಿಗೆ ರಾತ್ರಿ ಪಾಳಿ. ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ಡ್ರೈವ್‌ವೇಯಲ್ಲಿ, ಒಂದು ಕಾರು ಒಳಗೆ ಬಂದು ಇನ್ನೊಂದು ಹೊರಗೆ ಹೋಗುವಾಗ. ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಶಾಲೆಯಲ್ಲಿ ಟೀಚರ್ ಕೇಳಿದ್ದಕ್ಕೆ ಅವರ ಮಗಳು “ಹಿ ಸ್ಲೀಪ್ಸ್” ಎಂದು ಉತ್ತರ ಕೊಟ್ಟಿದ್ದಳು.

ಕೆಸಿನೊ ಇವನಿಗೆ ಕೊಟ್ಟಿದ್ದ ಒಂದು ವಿಚಿತ್ರ ಚಾಳಿಯನ್ನು ಇಲ್ಲಿ ಹೇಳಬೇಕು. ಡೀಲರ್ ಮೇಜು ಬಿಟ್ಟು ಹೋಗುವಾಗ ಎರಡೂ ಕೈಗಳನ್ನು ಒಮ್ಮೆ ತಟ್ಟಿ, ಅಂಗೈ ಮೇಲೆ ಮಾಡಿ, ಮತ್ತೆ ಮಗುಚಿ ತೋರಿಸಬೇಕು. ಬೆರಳ ಸಂದಿಯಲ್ಲಿ ಏನನ್ನೂ ಬಚ್ಚಿಟ್ಟುಕೊಂಡಿಲ್ಲ ಎಂದು ಸೂರಿನಲ್ಲಿರುವ ಕ್ಯಾಮರಾಕ್ಕೆ ಕಾಣಬೇಕಂತೆ. ವರ್ಷಗಟ್ಟಲೆ ಹೀಗೆ ಮಾಡಿ ಮಾಡಿ ಅದು ಜಯರಾಮುವಿನ ಮೈಗೆ ಹತ್ತಿಹೋಗಿತ್ತು. ಊಟ ಮುಗಿಸಿ ಏಳುವಾಗ ಕೈ ತಟ್ಟಿ ತೋರಿಸುವನು. ಕಸದ ಡಬ್ಬಿಯನ್ನು ರಸ್ತೆಗೆ ಇಟ್ಟು ಆಕಾಶಕ್ಕೆ ತೋರಿಸುವನು. ನಮ್ಮ ಮನೆಯ ಪೂಜೆಯಲ್ಲಿ ಮಂಗಳಾರತಿ ತೆಗೆದುಕೊಂಡು, ತಟ್ಟೆಗೆ ಒಂದು ಡಾಲರ್ ಹಾಕಿ, ದೇವರಿಗೇ ಕೈ ತೋರಿಸಿದ್ದ. ಪುರೋಹಿತರು ಇದು ಯಾವ ಸೂತ್ರದಲ್ಲಿದೆ ಎಂದು ನನ್ನನ್ನು ಕೇಳಿದರು.

ನಮ್ಮ ಸಂಘದವರು ಅವನ ಕೆಲಸವನ್ನು ಹೆಸರಿಟ್ಟು ಕರೆಯುತ್ತಿರಲಿಲ್ಲ. “ಹೋಟೆಲ್ ಲೈನ್” ಎನ್ನುತ್ತಿದ್ದರು. ರೂಟ್ ಒನ್ ಹೆದ್ದಾರಿಯಲ್ಲಿ ನಿಜವಾಗಿಯೂ ಮೋಟೆಲ್ ಇಟ್ಟುಕೊಂಡಿದ್ದ ಕುಂದಾಪುರದ ಅಣ್ಣಪ್ಪನವರಿಗೆ ಅದು ಹಿಡಿಸುತ್ತಿರಲಿಲ್ಲ. ನಮ್ಮ ಲೈನಿಗೆ ಎಂತಕ್ಕೆ ಮಾರಾಯ್ರೆ ಕೆಟ್ಟ ಹೆಸರು ಎಂದು ಗೊಣಗುತ್ತಿದ್ದರು. ಆದರೆ ಊರಿಂದ ಅಪ್ಪ ಅಮ್ಮ ಬಂದರೆ, ಅತ್ತೆ ಮಾವ ಬಂದರೆ, ಎಲ್ಲರೂ ಅವರನ್ನು ಕೆಸಿನೊ ಬಸ್ಸು ಹತ್ತಿಸಿ ಕಳಿಸುತ್ತಿದ್ದರು. ಜೂಜಾಡಲೆಂದು ಬಸ್ಸಿನವರು ಪುಕ್ಕಟೆ ಕೊಡುತ್ತಿದ್ದ ಕಾಲು ಡಾಲರಿನ ಕ್ವಾರ್ಟರ್ ನಾಣ್ಯಗಳ ಸುರುಳಿಯನ್ನು ವೃದ್ಧರು ಮಡಿಲಲ್ಲಿ ಕಟ್ಟಿಕೊಂಡು ಮನೆಗೇ ತರುತ್ತಿದ್ದರು. ಆಮೇಲೆ ಬಫೆ ಊಟದ ಕೂಪನ್ನಿಗೆ ಜಯರಾಮುವಿಗೆ ಫೋನು. ಕೂಪನ್ ತೆಗೆದುಕೊಳ್ಳುವಾಗ ಯಾರಿಗೂ ಅದು ಜೂಜಿನ ಮನೆ ಎಂದು ನೆನಪಾಗುತ್ತಿರಲಿಲ್ಲ.

ಎಂಬತ್ತೇಳನೆಯ ಇಸವಿಯ ಚಳಿಗಾಲದಲ್ಲಿ ಕೆಸಿನೊದವರು ಜಯರಾಮುವನ್ನು ಪಿಟ್ ಬಾಸ್ ಮಾಡುತ್ತೇವೆ ಎಂದರು. ಅಂದರೆ ಒಂದು ಗುಂಪು ಮೇಜುಗಳ ಮೇಲ್ವಿಚಾರಕ. ಎಲ್ಲಕ್ಕಿಂತ ಮುಖ್ಯ, ಹಗಲು ಪಾಳಿ. ಜೀವಮಾನದಲ್ಲಿ ಒಮ್ಮೆ ಗಂಡನ ಜೊತೆ ಕೂತು ರಾತ್ರಿ ಊಟ ಮಾಡುತ್ತೇನೆ ಎಂದು ಚನ್ನಮ್ಮ ನಮ್ಮ ಮನೆಗೆ ಬಂದು ಜಯಂತಿಯ ಮುಂದೆ ಅತ್ತಳು. ಆದರೆ ಅದಕ್ಕೊಂದು ಲೈಸೆನ್ಸು ಬೇಕು.

ಈ ಲೈಸೆನ್ಸಿನ ನ್ಯಾಯವನ್ನು ಸ್ವಲ್ಪ ಕೇಳಿ. ಎಲೆ ಹಂಚುವವನಿಗೆ ಒಂದು ಲೈಸೆನ್ಸು. ಎಲೆ ಹಂಚುವವನನ್ನು ನೋಡಿಕೊಳ್ಳುವವನಿಗೆ ಅದಕ್ಕಿಂತ ದೊಡ್ಡ ಲೈಸೆನ್ಸು. ಅವನು ಸನ್ನಡತೆಯವನು, ಪ್ರಾಮಾಣಿಕ, ಒಳ್ಳೆಯವರ ಸಹವಾಸದಲ್ಲಿರುವವನು ಎಂದು ಸರ್ಕಾರಕ್ಕೆ ರುಜುವಾತಾಗಬೇಕು. ಹುಟ್ಟಿದಾಗಿನಿಂದ ಎಲ್ಲೆಲ್ಲಿದ್ದೆ, ಯಾರ್‍ಯಾರು ನೆಂಟರು, ಯಾವ ಸಂಘ, ಯಾವ ಸ್ನೇಹ, ಎಲ್ಲ ಹೇಳಬೇಕು. ಬೆರಳಚ್ಚು ಕೊಡಬೇಕು. ತನಿಖಾಧಿಕಾರಿಗಳು ಬಂದು ನೆರೆಹೊರೆಯನ್ನು ವಿಚಾರಿಸುತ್ತಾರೆ. ಏನಾದರೂ ಎಡವಟ್ಟಾದರೆ ಹೊಸ ಲೈಸೆನ್ಸು ಸಿಗದಿರುವುದು ಹಾಗಿರಲಿ, ಇದ್ದ ಡೀಲರ್ ಲೈಸೆನ್ಸಿಗೂ ಸಂಚಕಾರ. ಇತ್ತ, ಮನೆ ಮಾರಿ ಜೂಜಾಡಲು ಬರುವವನಿಗೆ ಒಂದು ಪ್ರಶ್ನೆಯೂ ಇಲ್ಲ, ಅವನಿಗೆ ಬಾಗಿಲು ತೆಗೆಯಲು ಆಳು ನಿಂತಿರುತ್ತಾನೆ. ಆ ವರ್ಷವೇ ಅಕ್ಟೋಬರಿನಲ್ಲಿ ಷೇರುಪೇಟೆ ಮಕಾಡೆ ಬಿದ್ದು ನಮ್ಮ ಬ್ಯಾಂಕಿನಲ್ಲಿ ಎಷ್ಟೋ ಜನರ ಗಂಟು ಕರಗಿತು. ನನ್ನ ಸೂಪರ್‌ವೈಸರನ ನಡತೆ ಹೇಗೆ ಎಂದು ವಿಚಾರಿಸಿಕೊಂಡು ಯಾವ ಅಧಿಕಾರಿಯೂ ಅವನ ನೆರೆಮನೆಗೆ ಹೋಗಲಿಲ್ಲ.

ಜಯರಾಮುವಿಗೆ ಇದೆಲ್ಲ ಮದ್ದೂರಿನ ಪೊಲೀಸ್ ವೆರಿಫಿಕೇಶನ್ ತರಹ ಕಂಡಿತು. ಅಲ್ಲಿ ಪಾಸ್‌ಪೋರ್ಟಿಗೆ ಕಾನ್‌ಸ್ಟೇಬಲ್ ಬರುತ್ತಾನೆ, ಕಾಫಿ ಕುಡಿಯುತ್ತಾನೆ, ಅಕ್ಕಪಕ್ಕದವರು ಹುಡುಗ ಬಂಗಾರ ಎನ್ನುತ್ತಾರೆ, ಮುಗಿಯಿತು. ಹಾಗಾಗಿ ಅವನು ಗೊತ್ತಿದ್ದವರ ಮನೆಗೆಲ್ಲ ಹೋಗಿ, ಯಾರಾದರೂ ಕೇಳಿದರೆ ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಎಂದು ಕೇಳಿಕೊಂಡು ಬಂದ. ಬರುವಾಗ ಎಲ್ಲರ ಬಾಗಿಲಲ್ಲೂ ಕೈ ತಟ್ಟಿ ತೋರಿಸಿದ. ಒಳ್ಳೆಯ ಮಾತು ಹೇಳುವುದರಲ್ಲಿ ನಮ್ಮವರು ಜಿಪುಣರಲ್ಲ. ಅದೇ ತೊಂದರೆಯಾಯಿತು.

ತನಿಖೆಗೆ ಬಂದವರು ಮಿಸೆಸ್ ಕೆಲ್ಲರ್ ಎಂಬ ಐವತ್ತರ ಆಸುಪಾಸಿನ ಹೆಂಗಸು. ಅವರು ಮೊದಲು ಅಣ್ಣಪ್ಪನವರಿಗೆ ಫೋನ್ ಮಾಡಿದರು. ಅಣ್ಣಪ್ಪನವರು ಹೊಗಳುವುದೆಂದರೆ ಪೂರ್ತಿ ಹೊಗಳಬೇಕೆಂದು, ಜಯರಾಮುವಿನ ಕೈ ಎಷ್ಟು ಚುರುಕೆಂದರೆ ಎಲೆ ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಎಂದು ಎದುರು ಕೂತವನಿಗೆ ಗೊತ್ತೇ ಆಗುವುದಿಲ್ಲ ಎಂದರು. ಇನ್ನೊಬ್ಬರು, ಗಣಪತಿ ಎಂದು, ಜಯರಾಮು ಬಲು ಉದಾರಿ, ಕೆಸಿನೊದ ಕೂಪನ್ನುಗಳನ್ನು ಕೇಳಿದಷ್ಟು ತಂದುಕೊಡುತ್ತಾನೆ ಎಂದರು. ನಮ್ಮ ಪಕ್ಕದ ಮನೆಯ ಅಮೆರಿಕನ್ ಮುದುಕ, ಆತ ಕತ್ತಲಾಗುವಾಗ ಹೋಗಿ ಬೆಳಕು ಹರಿಯುವಾಗ ಬರುತ್ತಾನೆ, ಕಸ ಹೊರಗಿಟ್ಟು ಆಕಾಶಕ್ಕೆ ಬರಿಗೈ ತೋರಿಸುತ್ತಾನೆ, ಯಾವ ಧರ್ಮವೋ ಗೊತ್ತಿಲ್ಲ ಎಂದ. ಇಷ್ಟಾದ ಮೇಲೆ ಮಿಸೆಸ್ ಕೆಲ್ಲರ್ ತಾವೇ ಮನೆಗೆ ಬಂದು ನೋಡುತ್ತೇನೆ, ಯಾವ ದಿನ ಅನುಕೂಲ ಎಂದು ಕೇಳಿದ್ದರಲ್ಲಿ ಆಶ್ಚರ್ಯವೇನಿದೆ?

ಜಯರಾಮು ಹೇಳಿದ ದಿನ ಯಾವುದು ಎಂದು ಕೇಳಿದಾಗ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಯುಗಾದಿಯ ಭಾನುವಾರ. ಆ ದಿನ ಎಲ್ಲರೂ ನಮ್ಮನೆಯಲ್ಲೇ ಇರುತ್ತಾರೆ, ಆಯಮ್ಮ ಮನೆ ಮನೆ ಅಲೆಯುವುದು ತಪ್ಪುತ್ತದೆ, ಮಾವಿನ ತೋರಣ ಇಲ್ಲದಿದ್ದರೂ ಒಬ್ಬಟ್ಟಾದರೂ ಇರುತ್ತದೆ, ನಮ್ಮ ಸಂಸ್ಕೃತಿ ನೋಡಿ ಮೆಚ್ಚಿಕೊಳ್ಳುತ್ತಾರೆ ಎಂದು ಅವನ ಲೆಕ್ಕ. ಯುಗಾದಿಯ ದಿನ ಊಟವಾದ ಮೇಲೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ಮಹಾರಾಯ ಎಂದು ನಾನು ಕೇಳಿದೆ. ಅವನು ಯೋಚಿಸಿದ. ಆಮೇಲೆ ಅವನ ಮುಖ ಬಿಳಿಚಿಕೊಂಡಿತು.

ಮಂಡ್ಯದ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಆ ಕಡೆ ಯುಗಾದಿಯ ದಿನ ಜೂಜಾಡುವುದು ಹಬ್ಬದ ಒಂದು ಭಾಗ. ಬೇವು ಬೆಲ್ಲ ತಿನ್ನುವುದು ಹೇಗೋ ಹಾಗೆ. ವರ್ಷವೆಲ್ಲ ಎಲೆ ಮುಟ್ಟದವನೂ ಅವತ್ತು ಒಂದು ಆಟ ಆಡಬೇಕು. ಅಮೆರಿಕಕ್ಕೆ ಬಂದ ಮೇಲೆ ಆ ಭಾಗದ ನಮ್ಮ ಜನ ತೋರಣ ಬಿಟ್ಟರು, ಎಣ್ಣೆ ನೀರು ಬಿಟ್ಟರು, ಪಂಚಾಂಗ ಬಿಟ್ಟರು, ಇದೊಂದನ್ನು ಬಿಡಲಿಲ್ಲ. ಪ್ರತಿ ಯುಗಾದಿಗೆ ಜಯರಾಮುವಿನ ಬೇಸ್‌ಮೆಂಟಿನಲ್ಲಿ ಚಾಪೆ ಹಾಸಿ ಅಂದರ್ ಬಾಹರ್. ಆಟದ ಮೋಹಕ್ಕೆ ಕುಂದಾಪುರದ ಅಣ್ಣಪ್ಪನವರೂ ಆ ದಿನ ಮಂಡ್ಯದವರಾಗುತ್ತಿದ್ದರು. ಪ್ರತಿ ಆಟಕ್ಕೂ ಗೆದ್ದವನು ಒಂದು ಕ್ವಾರ್ಟರನ್ನು ದೇವರ ಚೊಂಬಿಗೆ ಹಾಕಬೇಕು. ಹಾಗೆ ಹಾಕಿದರೆ ಜೂಜಿನ ಪಾಪ ತೊಳೆದುಹೋಗುತ್ತದೆ ಎಂದು ಸೂರ್ಯನಾರಾಯಣರು ತಂದಿಟ್ಟ ಪದ್ಧತಿ.

ಸೂರ್ಯನಾರಾಯಣರ ಬಗ್ಗೆ ನಾನು ಶಾಂತವಾಗಿ ಹೇಳಲು ಪ್ರಯತ್ನಿಸುತ್ತೇನೆ. ಫೋರ್ಟ್ ಲೀಯಲ್ಲಿ ಸೇತುವೆ ಕಾಣುವ ಎತ್ತರದ ಅಪಾರ್ಟ್‌ಮೆಂಟು, ದೊಡ್ಡ ಇಂಜಿನಿಯರು. ಊರಿನಲ್ಲಿ ಜಯರಾಮುವಿನ ಪಕ್ಕದ ಹಳ್ಳಿಯವರೇ. ಪ್ರತಿ ವರ್ಷ ಆ ಚೊಂಬಿನ ದುಡ್ಡನ್ನು ಊರಿಗೆ ಒಯ್ದು ಅಲ್ಲಿನ ಮಾರಮ್ಮನ ಗುಡಿಗೆ ಕೊಡುತ್ತಿದ್ದರು. ಗುಡಿಯಲ್ಲಿ ಒಂದು ಅಮೃತಶಿಲೆಯ ಹಲಗೆ ಹಾಕಿಸಿದ್ದರು. ಅದರ ಮೇಲೆ ಇದ್ದದ್ದು ಅವರ ಹೆಸರು ಮಾತ್ರ. ಆ ಹಲಗೆಯ ಪಕ್ಕ ಹಾರ ಹಾಕಿಸಿಕೊಂಡು ನಿಂತು ಫೋಟೊ ತೆಗೆಸಿ, ಕಟ್ಟು ಹಾಕಿಸಿ, ನಮಗೆಲ್ಲ ನೆನಪಿನ ಕಾಣಿಕೆ ಎಂದು ಹಂಚಿದ್ದರು. ನಾನು ನನ್ನದನ್ನು ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಮೆಷೀನಿನ ಹಿಂದೆ ಇಟ್ಟೆ. ಜಯರಾಮು ಮಾತ್ರ ತನ್ನದನ್ನು ಬೇಸ್‌ಮೆಂಟಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ.

ದಿನ ಬದಲಾಯಿಸು ಎಂದರೆ, ಅಧಿಕಾರಿಗೆ ಸುಳ್ಳು ಕಾರಣ ಹೇಳಿದ ಹಾಗಾಗುತ್ತದೆ ಎಂದ ಜಯರಾಮು. ನಿಜ ಕಾರಣ ಹೇಳು ಎಂದರೆ, ಅದು ಹೇಗೆ ಹೇಳುವುದು ಎಂದ. ಕೊನೆಗೆ ಎಲ್ಲರಿಗೂ ಫೋನ್ ಮಾಡಿ, ಅಧಿಕಾರಿ ಮಧ್ಯಾಹ್ನಕ್ಕೆ ಬಂದು ಹೋಗುತ್ತಾರೆ, ಅವರು ಹೋಗುವ ತನಕ ಯಾರೂ ಎಲೆ ಮುಟ್ಟಬಾರದು ಎಂದು ಬೇಡಿಕೊಂಡ. ಎಲ್ಲರೂ ಒಪ್ಪಿದರು. ನೀನು ನಮ್ಮ ಹುಡುಗ ಕಣಯ್ಯ, ನಿನ್ನ ಲೈಸೆನ್ಸು ನಮ್ಮ ಲೈಸೆನ್ಸು ಎಂದು ಸೂರ್ಯನಾರಾಯಣರು ಫೋನಿನಲ್ಲೇ ಭಾಷಣ ಮಾಡಿದರಂತೆ.

ಹಬ್ಬದ ದಿನ ಬಿಸಿಲೂ ಇತ್ತು, ಚಳಿಯೂ ಇತ್ತು. ಊರಿಂದ ಹೊಸದಾಗಿ ಬಂದಿದ್ದ ಜಯರಾಮುವಿನ ತಾಯಿ ಜವರಮ್ಮ ಬೆಳಗಿನಿಂದ ಒಬ್ಬಟ್ಟು ಬೇಯಿಸಿದ್ದರು. ಮನೆ ತುಂಬ ಜನ. ಊಟವಾಯಿತು. ಮಿಸೆಸ್ ಕೆಲ್ಲರ್ ಬರಲಿಲ್ಲ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಟ್ರಾಫಿಕ್ಕಿರಬೇಕು ಎಂದ ಜಯರಾಮು. ಇನ್ನೊಂದು ಸುತ್ತು ಕಾಫಿಯಾಯಿತು. ಆಗ ಸೂರ್ಯನಾರಾಯಣರು, ಭಾನುವಾರ ಸರ್ಕಾರಿ ನೌಕರರು ಬರುವುದುಂಟೇ, ಹಬ್ಬದ ದಿನ ಒಂದು ಆಟ ಆಡದಿದ್ದರೆ ವರ್ಷವೆಲ್ಲ ಅಮಂಗಳ ಎಂದು ಪಂಚೆ ಎತ್ತಿ ಕಟ್ಟಿ ಬೇಸ್‌ಮೆಂಟಿನ ಮೆಟ್ಟಿಲಿಳಿದರು. ಅವರ ಹಿಂದೆ ಗಂಡಸರೆಲ್ಲ ಇಳಿದರು. ನಾನು ಇಳಿಯಲಿಲ್ಲ. ನನಗೇನೂ ಹೆಚ್ಚಿನ ಸದ್ಗುಣವಿಲ್ಲ, ಜಯಂತಿಯ ತವರಿನಲ್ಲಿ ಇಸ್ಪೀಟೆಂದರೆ ಬೆಂಕಿ. ಜಯರಾಮು ಕಿಟಕಿಯ ಹತ್ತಿರ ನಿಂತು ರಸ್ತೆ ನೋಡುತ್ತ ಬೆವರುತ್ತಿದ್ದ.

ಅಷ್ಟರಲ್ಲಿ ಕೆಳಗಿಂದ ಗಲಾಟೆ ಕೇಳಿಸಿತು. ಎಲೆ ಹಾಕುತ್ತಿದ್ದ ಸೂರ್ಯನಾರಾಯಣರು ಕಟ್ಟಿನ ಅಡಿಯಿಂದ ಎಲೆ ಎಳೆದರು ಎಂದು ಅಣ್ಣಪ್ಪನವರ ದೂರು. ಅಧ್ಯಕ್ಷನ ಮೇಲೆ ಆಪಾದನೆಯೇ ಎಂದು ಅವರ ಅಬ್ಬರ. ಬೀದಿಗೆ ಕೇಳುತ್ತದೆ ಎಂದು ಜಯರಾಮು ಓಡಿಹೋದ. ಜಗಳ ನಿಲ್ಲಬೇಕಾದರೆ ಜಯರಾಮುವೇ ಎಲೆ ಹಾಕಲಿ ಎಂದು ಪಂಚಾಯಿತಿಯಾಯಿತು. ಅವನು ಬೇಡ ಬೇಡ ಎನ್ನುತ್ತಲೇ, ಒಂದೇ ಆಟ ಎಂದು ಕೂತ. ಮನೆಯಲ್ಲಿ ಜಗಳವಾಗುವುದಕ್ಕಿಂತ ತಾನು ಹಾಳಾಗುವುದು ವಾಸಿ ಎನ್ನುವ ಜಾತಿಯ ಮನುಷ್ಯ ಅವನು. ಅವನು ಎಲೆ ಕಲೆಸುವ ಸದ್ದು ಕೇಳಿಸಿತು, ಡೋರ್‌ಬೆಲ್ಲೂ ಕೇಳಿಸಿತು.

ಬಾಗಿಲು ತೆಗೆದವನು ನಾನು. ಮಿಸೆಸ್ ಕೆಲ್ಲರ್ ದಾರಿ ತಪ್ಪಿದ್ದಕ್ಕೆ ಕ್ಷಮೆ ಕೇಳಿ, ಹೊಸಿಲಿನ ಪಕ್ಕದ ಚಪ್ಪಲಿಗಳ ರಾಶಿ ನೋಡಿ, ತಾವೂ ಶೂ ಬಿಚ್ಚಿಟ್ಟು ಒಳಗೆ ಬಂದರು. ನಾನು ಅವರನ್ನು ಸೋಫಾದಲ್ಲಿ ಕೂರಿಸಿ, ಒಬ್ಬಟ್ಟು ಮಾಡುವ ವಿಧಾನವನ್ನು ತೊಗರಿಬೇಳೆಯಿಂದ ಆರಂಭಿಸಿ ವಿವರಿಸತೊಡಗಿದೆ. ಕೆಳಗಿನವರಿಗೆ ಸುಳಿವು ಸಿಗಲಿ ಎಂದು ಗಟ್ಟಿಯಾಗಿಯೇ ಹೇಳಿದೆ. ಕೆಳಗಿಂದ ಬಂದ ಉತ್ತರ ಸೂರ್ಯನಾರಾಯಣರದ್ದು, ಬಾಹರ್ ಬಿತ್ತು ಎಂಬ ಜಯಘೋಷ.

ಜವರಮ್ಮ ಅಡುಗೆಮನೆಯಿಂದ ಬಂದರು. ಹಬ್ಬದ ದಿನ ಬಂದ ಹೆಂಗಸು ಹೀಗೆ ಒಂಟಿಯಾಗಿ ಕೂತಿರುವುದು ಅವರಿಗೆ ಸರಿಕಾಣಲಿಲ್ಲ. ಬೇವು ಬೆಲ್ಲ ಕೈಗೆ ಹಾಕಿದರು, ಹಣೆಗೆ ಕುಂಕುಮ ಇಟ್ಟರು. ಆಮೇಲೆ, ಬಂದವರು ಮಾರವ್ವನ ಚೊಂಬಿಗೆ ಒಂದು ಕಾಸು ಹಾಕದೆ ಹೋಗಬಾರದು ಎಂದು, ನಾನು ಎದ್ದು ಅಡ್ಡ ಬರುವುದರೊಳಗೆ ಅವರ ಕೈ ಹಿಡಿದು ಬೇಸ್‌ಮೆಂಟಿನ ಮೆಟ್ಟಿಲಿಳಿಸಿಬಿಟ್ಟರು. ನಾನೂ ಹಿಂದೆಯೇ ಓಡಿದೆ.

ಆ ದೃಶ್ಯವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಚಾಪೆಯ ಸುತ್ತ ಹನ್ನೆರಡು ಮಂದಿ ಗಣ್ಯರು. ಮೂವರು ಡಾಕ್ಟರೇಟ್ ಆದವರು, ಒಬ್ಬರು ಹೃದಯದ ವೈದ್ಯರು, ಉಳಿದವರು ಇಂಜಿನಿಯರುಗಳು, ಒಬ್ಬರು ಮೋಟೆಲ್ ಮಾಲೀಕರು. ನಡುವೆ ಜಯರಾಮು, ಕೈಯಲ್ಲಿ ಇಸ್ಪೀಟಿನ ಕಟ್ಟು. ಪಕ್ಕದಲ್ಲಿ ಹಿತ್ತಾಳೆ ಚೊಂಬು. ಕುಂಕುಮ ಇಟ್ಟ ಬಿಳಿಯ ಹೆಂಗಸನ್ನು ಕಂಡದ್ದೇ ತಡ, ಚಾಪೆಯ ಮೇಲೆ ಬಿದ್ದಿದ್ದ ಎಲೆಗಳೆಲ್ಲ ಮಂಡಿಯ ಕೆಳಗೆ ಸೇರಿದವು. ಅಣ್ಣಪ್ಪನವರು ತಮ್ಮ ಮುಂದೆ ಬಿದ್ದಿದ್ದ ಒಂದನ್ನು ತಟ್ಟೆಯ ಒಬ್ಬಟ್ಟಿನ ಅಡಿಗೆ ಸರಿಸಿದರು. ಜಯರಾಮು ಮಾತ್ರ ಕಟ್ಟನ್ನು ನೆಟ್ಟಗೆ ಚಾಪೆಯ ಮೇಲಿಟ್ಟು, ಎದ್ದು ನಿಂತು, ಕೈ ತಟ್ಟಿ, ಅಂಗೈ ಮಗುಚಿ ತೋರಿಸಿದ.

ಮಿಸೆಸ್ ಕೆಲ್ಲರ್ ಕೂಗಾಡಲಿಲ್ಲ. ಸ್ನೇಹಿತರು ಮನೆಯಲ್ಲಿ ಕೂತು ತಮ್ಮತಮ್ಮಲ್ಲಿ ಆಡಿದರೆ ಈ ರಾಜ್ಯದಲ್ಲಿ ಅದು ಅಪರಾಧವಲ್ಲ ಎಂದು ನಿಧಾನವಾಗಿ ಹೇಳಿದರು. ಆಟದಿಂದ ಮನೆಯ ಯಜಮಾನ ಪಾಲು ತೆಗೆದುಕೊಂಡರೆ ಮಾತ್ರ ಅದು ಜೂಜಿನ ಅಡ್ಡೆ, ಅಂಥವನಿಗೆ ಯಾವ ಲೈಸೆನ್ಸೂ ಇಲ್ಲ. ಹಾಗೆಂದು ಬಗ್ಗಿ ಚೊಂಬಿನೊಳಗೆ ನೋಡಿದರು. “ಇದು ಯಾರದ್ದು?” ಎಂದು ಕೇಳಿದರು.

ಒಂದೇ ಒಂದು ಮಾತು ಸಾಕಿತ್ತು. ದೇವಸ್ಥಾನದ್ದು, ನಾನು ಒಯ್ಯುತ್ತೇನೆ ಎಂದು ಸೂರ್ಯನಾರಾಯಣರು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಪಂಚೆ ಸರಿಮಾಡಿಕೊಂಡು ಎದ್ದು, ನುಣುಪಾದ ಇಂಗ್ಲಿಷಿನಲ್ಲಿ ಹೇಳಿದ್ದೇನೆಂದರೆ, “ಅದು ಈ ಮನೆಯವರದ್ದು ಮೇಡಂ. ಇಲ್ಲಿ ಏನು ನಡೆಯುತ್ತದೋ ನನಗೆ ತಿಳಿಯದು. ನಾನು ಊಟಕ್ಕೆ ಮಾತ್ರ ಬಂದವನು.”

ಮಿಸೆಸ್ ಕೆಲ್ಲರ್ ಪಕ್ಕದವರನ್ನು ನೋಡಿದರು. ಅವರೂ ಊಟಕ್ಕೆ ಮಾತ್ರ ಬಂದವರು. ಅವರ ಪಕ್ಕದವರೂ ಊಟಕ್ಕೆ ಮಾತ್ರ. ಹೃದಯದ ವೈದ್ಯರು ಊಟಕ್ಕೂ ಬಂದಿರಲಿಲ್ಲವಂತೆ, ಯಾರಿಗೋ ಎದೆನೋವು ಎಂದು ನೋಡಲು ಬಂದಿದ್ದರಂತೆ. ಅಣ್ಣಪ್ಪನವರು ತಾವು ಊಟಕ್ಕೇ ಬಂದದ್ದು ಎಂದು ಸಾಬೀತುಪಡಿಸಲು ಒಬ್ಬಟ್ಟು ಕೈಗೆತ್ತಿಕೊಂಡರು. ಅದರ ತುಪ್ಪಕ್ಕೆ ಇಸ್ಪೀಟ್ ರಾಣಿ ಅಂಟಿಕೊಂಡಿದ್ದಳು. ಅವರು ನೋಡದೆ ಕಚ್ಚಿದರು.

“ಏನಂತಾನೆ ಅವ್ನು?” ಎಂದು ಜವರಮ್ಮ ನನ್ನನ್ನು ಕೇಳಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಸೂರ್ಯನಾರಾಯಣರು ಬೇಡ ಬೇಡ ಎಂದು ನನಗೆ ಕಣ್ಣು ಮಿಟುಕಿಸಿದರು. ನಾನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಈ ಚೊಂಬಿನ ದುಡ್ಡು ನಿಮ್ಮ ಮನೆಯವರು ತಿನ್ನುವುದಂತೆ, ಸೂರ್ಯನಾರಾಯಣರಿಗೆ ಗೊತ್ತೇ ಇಲ್ಲವಂತೆ ಎಂದೆ.

ಜವರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ದೇವ್ರ ದುಡ್ಡ ನಾವು ತಿಂದೀವಾ? ಕೇಳವ್ವ ಇಲ್ಲಿ. ವರ್ಸ ವರ್ಸ ಇದ್ನ ಗಂಟು ಕಟ್ಕಂಡು ಊರ್ಗೆ ಬರೋನು ಇವ್ನೇ. ಮಾರವ್ವನ ಗುಡೀಲಿ ಕಲ್ಲಾಕ್ಸವ್ನೆ, ತನ್ನೆಸ್ರಲ್ಲಿ. ನನ್ ಮಗನ ಹೆಸ್ರು ಒಂದು ಮೂಲೇಲೂ ಇಲ್ಲ. ನಾನು ಒಂದ್ಮಾತು ಅಂದೀನಾ? ಇಲ್ನೋಡು, ನಿನ್ನ ಕಣ್ಣಾರ ನೋಡು.” ಹಾಗೆಂದು ಗೋಡೆಯತ್ತ ಬೆರಳು ಮಾಡಿದರು.

ನಾನು ಇದನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದೆ. ಜೀವಮಾನದಲ್ಲಿ ನಾನು ಅಷ್ಟು ಒಳ್ಳೆಯ ಇಂಗ್ಲಿಷ್ ಮತ್ತೆ ಮಾತಾಡಿಲ್ಲ. ಗೋಡೆಯ ಮೇಲೆ, ಸರಿಯಾಗಿ ಸೂರ್ಯನಾರಾಯಣರ ತಲೆಯ ಮೇಲ್ಗಡೆ, ಹಾರ ಹಾಕಿಕೊಂಡ ಸೂರ್ಯನಾರಾಯಣರು ಅಮೃತಶಿಲೆಯ ಮೇಲೆ ಕೈಯಿಟ್ಟು ನಗುತ್ತಿದ್ದರು. ಮಿಸೆಸ್ ಕೆಲ್ಲರ್ ಮೇಲಿನವರನ್ನು ನೋಡಿದರು, ಕೆಳಗಿನವರನ್ನು ನೋಡಿದರು. ನಿಮಗೆ ಇದರ ಬಗ್ಗೆ ತಿಳಿಯದು ಎಂದಿರಲ್ಲವೇ ಎಂದರು. ಅಧ್ಯಕ್ಷರು ತಲೆ ತಗ್ಗಿಸಿದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನು ಉಸಿರು ಬಿಟ್ಟೆ. ಆಗ ಜಯರಾಮು ಬಾಯಿ ಬಿಟ್ಟ. ಇದಕ್ಕೇ ನಾನು ಹೇಳಿದ್ದು, ಸಿಟ್ಟೆಲ್ಲ ಅವನ ಮೇಲೆ ಎಂದು. ಹಬ್ಬದ ದಿನ ಮನೆಗೆ ಬಂದವರು ತಲೆ ತಗ್ಗಿಸಿ ನಿಂತದ್ದನ್ನು ಅವನಿಂದ ನೋಡಲಾಗಲಿಲ್ಲ. ತನ್ನ ಮದ್ದೂರಿನ ಇಂಗ್ಲಿಷಿನಲ್ಲಿ ಅವನು ಹೇಳಿದ, “ಮೇಡಂ, ಮನೆ ನಂದು. ಎಲೆ ಹಾಕಿದೋನು ನಾನು. ಚೊಂಬೂ ನಮ್ಮನೇದೇ, ಅಡುಗೆಮನೆಯಿಂದ ತಂದಿದ್ದು. ಅವರೆಲ್ಲ ನಮ್ಮನೆಗೆ ಬಂದ ನೆಂಟರು. ಅವರನ್ನ ಏನೂ ಕೇಳಬೇಡಿ, ನನ್ನನ್ನ ಕೇಳಿ.”

ಚೊಂಬು ನಿನ್ನದಾದರೂ ಅದರೊಳಗಿನ ದುಡ್ಡು ನಿನ್ನದಲ್ಲವೋ ಎಂದು ನಾನು ಕನ್ನಡದಲ್ಲಿ ಅರಚಿದೆ. ಅವನಿಗೆ ಅದು ತಲೆಗೇ ಹೋಗಲಿಲ್ಲ. ಮಿಸೆಸ್ ಕೆಲ್ಲರ್ ಏನೋ ಬರೆದುಕೊಂಡರು. ಹೊರಡುವಾಗ ಜವರಮ್ಮ ಕೊಟ್ಟ ಒಬ್ಬಟ್ಟಿನ ಪೊಟ್ಟಣವನ್ನು, ತನಿಖೆಯಲ್ಲಿರುವವರ ಮನೆಯಿಂದ ಏನೂ ತೆಗೆದುಕೊಳ್ಳುವಂತಿಲ್ಲ ಎಂದು ಕೈಮುಗಿದು ಹಿಂದಕ್ಕೆ ಕೊಟ್ಟರು. ಕುಂಕುಮವನ್ನು ಅಳಿಸಿಕೊಳ್ಳದೆ ಕಾರು ಹತ್ತಿದರು. ಅವರ ಹಿಂದೆಯೇ ಒಂದೊಂದಾಗಿ ಉಳಿದ ಕಾರುಗಳೂ ಹೋದವು. ಯಾರೂ ಜಯರಾಮುವಿಗೆ ಹೋಗಿಬರುತ್ತೇನೆ ಎನ್ನಲಿಲ್ಲ.

ಆಮೇಲಿನ ತಿಂಗಳುಗಳನ್ನು ಹೇಗೆ ಹೇಳಲಿ? ಲೈಸೆನ್ಸಿನ ಸುದ್ದಿಯಿಲ್ಲ. ಕೆಸಿನೊದವರು ಕಾದು ನೋಡೋಣ ಎಂದರು. ಚನ್ನಮ್ಮ ಒಂಟಿಯಾಗಿ ಉಣ್ಣುತ್ತಿದ್ದಳು. ಇತ್ತ ಸಂಘದಲ್ಲಿ ಸೂರ್ಯನಾರಾಯಣರು ಒಂದು ಠರಾವು ತಂದರು. ಜೂಜಿನ ಉದ್ಯಮದಲ್ಲಿರುವವರು ಸಂಘದ ಯಾವ ಜವಾಬ್ದಾರಿಯನ್ನೂ ಹೊರಬಾರದು, ನಮ್ಮ ಮಕ್ಕಳ ಮುಂದೆ ಆದರ್ಶ ಇರಬೇಕು ಎಂದು. ಜಯರಾಮು ಹೊತ್ತಿದ್ದ ಜವಾಬ್ದಾರಿ ಯಾವುದೆಂದರೆ ಪಿಕ್‌ನಿಕ್ಕಿಗೆ ಪೇಪರ್ ತಟ್ಟೆ ತರುವುದು. ಒಬ್ಬಟ್ಟಿನ ಜೊತೆ ಇಸ್ಪೀಟ್ ರಾಣಿಯನ್ನು ಅಗಿದ ಬಾಯಲ್ಲೇ ಅಣ್ಣಪ್ಪನವರು ಅನುಮೋದಿಸಿದರು. ನಾನು ಎದ್ದು ನಿಂತು, ನಿಮ್ಮ ಮುಖಕ್ಕಿಷ್ಟು ಎಂದು ಶುರುಮಾಡಿದವನು ನಿಲ್ಲಿಸಿದ್ದು ಜಯಂತಿ ನನ್ನನ್ನು ಎಳೆದುಕೊಂಡು ಹೋದಾಗ. ಜಯರಾಮು ಏನು ಮಾಡಿದ ಗೊತ್ತೇ? ಮಿಕ್ಕಿದ್ದ ಪೇಪರ್ ತಟ್ಟೆಗಳನ್ನು ತಾನೇ ಫೋರ್ಟ್ ಲೀಗೆ ಡ್ರೈವ್ ಮಾಡಿಕೊಂಡು ಹೋಗಿ ಒಪ್ಪಿಸಿ, ಕೈ ತಟ್ಟಿ ತೋರಿಸಿ ಬಂದ.

ಲೈಸೆನ್ಸು ಬಂದದ್ದು ಮರಗಳ ಎಲೆ ಕೆಂಪಾಗುವ ಹೊತ್ತಿಗೆ. ವಿಚಾರಣೆಗೆ ಕರೆಸಿದ್ದರು, ನಾನೇ ಜೊತೆಗೆ ಹೋಗಿದ್ದೆ. ಆ ಬೇಸ್‌ಮೆಂಟಿನಲ್ಲಿ ಕೇಳಿದ ಪ್ರಶ್ನೆಗೆ ನುಣುಚಿಕೊಳ್ಳದೆ ಉತ್ತರ ಕೊಟ್ಟ ಗಂಡಸು ಇವನೊಬ್ಬನೇ ಎಂದು ಮಿಸೆಸ್ ಕೆಲ್ಲರ್ ಹೇಳಿದರು. ಚೊಂಬಿನ ದುಡ್ಡು ಮನೆಯಲ್ಲಿ ಉಳಿಯುವುದಿಲ್ಲ ಎಂಬುದಕ್ಕೆ ಗೋಡೆಯ ಮೇಲಿನ ಮಹನೀಯರೇ ಸಾಕ್ಷಿ ಎಂದರು. ಅರ್ಜಿದಾರನ ನಡತೆಯ ಬಗ್ಗೆ ಅನುಮಾನವಿಲ್ಲ, ಆದರೆ ಅವನ ಸಹವಾಸ ಸರಿಯಿಲ್ಲ ಎಂದರು. ಎದುರು ಕೂತಿದ್ದ ಅಧಿಕಾರಿಗಳು ಅದನ್ನೇ ಷರತ್ತು ಮಾಡಿದರು. ಲೈಸೆನ್ಸಿರುವ ತನಕ ಅವನ ಮನೆಯಲ್ಲಿ ಇಸ್ಪೀಟೆಲೆ ಬೀಳಬಾರದು. ಆ ದಿನ ಚಾಪೆಯ ಮೇಲಿದ್ದ ಹನ್ನೆರಡು ಜನರನ್ನು ಮನೆಯೊಳಗೆ ಸೇರಿಸಬಾರದು. ಮೂವರು ಡಾಕ್ಟರೇಟ್, ಒಬ್ಬ ಹೃದಯದ ವೈದ್ಯ, ಒಬ್ಬ ಸಂಘದ ಅಧ್ಯಕ್ಷ. ಇವರೆಲ್ಲ ಕೆಟ್ಟ ಸಹವಾಸ ಎಂದು ಸರ್ಕಾರಕ್ಕೆ ಅಧಿಕೃತವಾಗಿ ಗೊತ್ತಾಯಿತು. ನಾನು ಹತ್ತು ವರ್ಷದಿಂದ ಪುಕ್ಕಟೆ ಹೇಳುತ್ತಿದ್ದ ಮಾತು.

ಪಿಟ್ ಬಾಸ್ ಆದ ಸುದ್ದಿ ಹರಡಿತು. ಕೋಟು ಹಾಕಿಕೊಳ್ಳುವ ಕೆಲಸ ಎಂದು ತಿಳಿದ ಮೇಲೆ ಠರಾವು ಯಾರಿಗೂ ನೆನಪಿರಲಿಲ್ಲ. ನಮ್ಮ ಹೆಮ್ಮೆಯ ಕನ್ನಡಿಗ ಎಂದು ಅವನಿಗೆ ಶಾಲು ಹೊದಿಸುವ ಮಾತು ಬಂತು. ಮುಂದಿನ ಯುಗಾದಿ ಬಂದಾಗ ಯಾರೂ ಕರೆಯದಿದ್ದರೂ ಕಾರುಗಳು ಸಾಲಾಗಿ ಬಂದು ಜಯರಾಮುವಿನ ಮನೆಯ ಮುಂದೆ ನಿಂತವು. ಮುಂದಿನ ಕಾರಿನಿಂದ ಶಾಲು, ಹಣ್ಣಿನ ಬುಟ್ಟಿ ಹಿಡಿದು ಸೂರ್ಯನಾರಾಯಣರು ಇಳಿದರು. ಕಂಕುಳಲ್ಲಿ ಹೊಸ ಚೊಂಬು.

ನಾನು ಎದುರುಮನೆಯಿಂದ ಓಡಿಬಂದೆ. ಇವತ್ತಾದರೂ ಉಗಿಯುತ್ತಾನೆ, ಉಗಿಯಲೇಬೇಕು ಎಂದು ಕಾದೆ. ಜಯರಾಮು ಬಾಗಿಲಿಗೆ ಬಂದ. ಅವನ ಕಣ್ಣಲ್ಲಿ ನೀರಿತ್ತು. “ತಪ್ಪು ತಿಳ್ಕೋಬೇಡಿ ಸಾರ್. ನಿಮ್ಮಂಥೋರ ಸಹವಾಸ ಮಾಡಬಾರದು ಅಂತ ಗೌರ್ಮೆಂಟ್ ರೂಲು. ನಂಗೇನೂ ಇಲ್ಲ ಸಾರ್, ನೀವು ದೊಡ್ಡೋರು, ನಮ್ಮನೆಗೆ ಬಂದಿದ್ದೇ ಭಾಗ್ಯ. ಆದ್ರೆ ಒಳಗೆ ಬಿಡೋಕಾಗಲ್ಲ.” ಇದನ್ನು ಅವನು ವ್ಯಂಗ್ಯವಾಗಿ ಹೇಳಲಿಲ್ಲ. ನಿಜವಾಗಿ ನೊಂದುಕೊಂಡು, ಕ್ಷಮೆ ಕೇಳುವ ದನಿಯಲ್ಲಿ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಹೇಳಿದ ಮೇಲೆ ಎರಡೂ ಕೈ ತಟ್ಟಿ, ಅಂಗೈ ತೋರಿಸಿ, ಮಗುಚಿದ.

ಹಬ್ಬದ ದಿನ ಬಾಗಿಲಿಗೆ ಬಂದವರು ಹಸಿದು ಹೋಗಬಾರದು ಎಂದು ಅವನೇ ಒಳಗೆ ಹೋಗಿ ಚಾಪೆ ತಂದು ಡ್ರೈವ್‌ವೇಯಲ್ಲಿ ಹಾಸಿದ. ಹಗಲು ಪಾಳಿಯ ಗಂಡನ ಜೊತೆ ಆಗತಾನೇ ಊಟ ಮುಗಿಸಿದ್ದ ಚನ್ನಮ್ಮ ಪೇಪರ್ ತಟ್ಟೆಗಳನ್ನು ತಂದಳು. ಚಳಿಗಾಳಿ ಬೀಸುತ್ತಿತ್ತು. ಪಕ್ಕದ ಮನೆಯ ಅಮೆರಿಕನ್ ಮುದುಕ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದ. ಹನ್ನೆರಡು ಮಂದಿ ಗಣ್ಯರು ಕೂರುವುದೋ ಹೋಗುವುದೋ ತಿಳಿಯದೆ ಕಾರುಗಳ ನಡುವೆ ನಿಂತಿದ್ದರು.

ಜವರಮ್ಮ ಒಬ್ಬಟ್ಟಿನ ಪಾತ್ರೆ ಹಿಡಿದು ಹೊರಗೆ ಬಂದು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು.

“ಊಟಕ್ ತಾನೆ ನೀವು ಬರೋದು?” ಎಂದರು. “ಕೂತ್ಕಳಿ. ಉಂಡ್ಕಂಡು ಹೋಗಿ.”